ಪದಚರ್ಚೆ: ನಕ್ಷೆಯ ‘ಫೀಚರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆಯನ್ನೂ ಅದರ ಮಾಹಿತಿಯನ್ನೂ ನಿಭಾಯಿಸುವ ವ್ಯವಸ್ಥೆ) ಕಲಿಯಲು ಕೂತವರಿಗೆ ಮೊದಲ ಪಾಠದಲ್ಲೇ ಎರಡು ಪದ ಎದುರಾಗುತ್ತವೆ: ಫೀಚರ್, ಆಟ್ರಿಬ್ಯೂಟ್. ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಎರಡಕ್ಕೂ ‘ಲಕ್ಷಣ’ ಅಂತ ಸಿಗುತ್ತದೆ. ಕಾಸರಗೋಡಿನ ಕನ್ನಡ ಮಕ್ಕಳಿಗಾಗಿ ಡಿಜಿಟಲ್ ನಕ್ಷೆಯ ಪಾಠ ಬರೆಯುತ್ತಿದ್ದೇನೆ. ಅಲ್ಲಿ ಇದು ದೊಡ್ಡ ತೊಡಕು. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಮುಗಿದ ಹಾಗೆ.

ಅರ್ಥ ಹೀಗೆ. ನಕ್ಷೆಯ ಒಂದು ಪದರದಲ್ಲಿ (ಒಂದೇ ಬಗೆಯವನ್ನು ಸೇರಿಸಿದ ಹಾಳೆ ಅನ್ನಿ) ಬಿಡಿಬಿಡಿಯಾಗಿ ಇರುವ ಒಂದೊಂದೂ ಫೀಚರ್. ಒಂದು ಬಾವಿ, ಒಂದು ರಸ್ತೆ, ಒಂದು ಪಂಚಾಯತಿನ ಗಡಿ. ಅದಕ್ಕೊಂದು ಆಕಾರ ಇರುತ್ತದೆ: ಚುಕ್ಕಿ, ಗೆರೆ, ಇಲ್ಲವೇ ಸುತ್ತಲೂ ಮುಚ್ಚಿದ ಆವರಣ. ಅದರ ಬಗ್ಗೆ ಪಟ್ಟಿಯಲ್ಲಿ ಬರೆದಿಡುವ ಹೆಸರು, ಆಳ, ವರ್ಷ ಎಲ್ಲ ಆಟ್ರಿಬ್ಯೂಟ್. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಆ ಪಟ್ಟಿ ತೆರೆದರೆ ಒಂದು ಸಾಲಿಗೆ ಒಂದು ಫೀಚರ್, ಒಂದು ಕಾಲಂಗೆ ಒಂದು ಆಟ್ರಿಬ್ಯೂಟ್.

ನಮ್ಮ ಕಡೆಯ ಸುರಂಗವನ್ನೇ ತೆಗೆದುಕೊಳ್ಳಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಗಳಿವೆ. ಒಳಗೆ ಒಸರುವ ನೀರು ತಾನಾಗಿ ಹೊರಗೆ ಹರಿದು ಕೆರೆಗೆ ಬೀಳುತ್ತದೆ, ಪಂಪು ಬೇಡ. ಇದನ್ನು ನಕ್ಷೆಗೆ ಹಾಕುವುದು ಹೇಗೆ? ಬಾಯಿ ಮಾತ್ರ ಸಾಕಾದರೆ ಚುಕ್ಕಿ. ಒಳಗಿನ ದಾರಿ ಬೇಕಾದರೆ ಗೆರೆ. ಗುಡ್ಡೆಯೊಳಗೆ ಉಪಗ್ರಹದ ಸಿಗ್ನಲ್ ಬರುವುದಿಲ್ಲ, ಹಾಗಾಗಿ ಆ ಗೆರೆ ಎಳೆಯಲು ಜಿಪಿಎಸ್ ಸಾಲದು. ಟೇಪು, ದಿಕ್ಸೂಚಿ ಹಿಡಿದು ಅಳೆಯಬೇಕು. ಹೊರಗಿನ ಕೆರೆ ಆವರಣ. ಇಲ್ಲಿಗೆ ಮೂರು ಫೀಚರ್ ಆಯಿತು, ಮೂರೂ ಬೇರೆ ಬೇರೆ ಪದರಕ್ಕೆ ಹೋಗುತ್ತವೆ. ಸುರಂಗ ಎಷ್ಟು ಕೋಲು ಉದ್ದ, ಬೇಸಗೆಯಲ್ಲೂ ನೀರಿರುತ್ತದಾ, ಇವು ಆಟ್ರಿಬ್ಯೂಟ್. ಈಗ ‘ಸುರಂಗದ ಲಕ್ಷಣ’ ಅಂತ ಬರೆದರೆ ಮಕ್ಕಳು ಯಾವುದನ್ನು ಹಿಡಿಯಬೇಕು?

ಊರಿನ ಹೆಸರಲ್ಲೂ ಇದೇ ಮಾತು. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆಯಲ್ಲಿ ಒಂದು ಊರಿಗೆ ಕನ್ನಡ, ಮಲಯಾಳ, ತುಳು ಹೆಸರುಗಳನ್ನು ಬೇರೆ ಬೇರೆಯಾಗಿ ತುಂಬಬಹುದು. ನಾವು ಮಂಜೇಶ್ವರ ಅಂತ ಬರೆದರೂ ಮಲಯಾಳದವರು ಮಂಜೇಶ್ವರಂ ಅಂತ ಬರೆದರೂ ಫೀಚರ್ ಒಂದೇ, ಆಟ್ರಿಬ್ಯೂಟ್ ಎರಡು. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಬೇಕಾಗಿಲ್ಲ. ಗಡಿನಾಡಿನ ನಮಗೆ ಇದು ಎಷ್ಟು ಮುಖ್ಯ, ಅಲ್ವಾ?

ಆಟ್ರಿಬ್ಯೂಟ್‌ಗೆ ‘ವಿವರ’ ಸಾಕು ಅಂತ ನನ್ನ ಅಭಿಪ್ರಾಯ. ಹಳೆಯ ಜಾಗದ ಪತ್ರಗಳಲ್ಲಿ ಬರುವ ‘ತಪಶೀಲು’ ನನಗೆ ತುಂಬ ಇಷ್ಟ, ಆದರೆ ಈಗಿನ ಮಕ್ಕಳಿಗೆ ಅದನ್ನು ಬೇರೆಯಾಗಿ ಕಲಿಸಬೇಕಾಗುತ್ತದೆ. (ಒಂದು ಸೂಚನೆ: ನಕ್ಷೆಯ ಮಾಹಿತಿ ಉಳಿಸಿಡುವ ಶೇಪ್‌ಫೈಲ್ ಎಂಬ ಬಗೆಯ ಕಡತದಲ್ಲಿ ಕಾಲಂ ಹೆಸರಿಗೆ ಇರುವುದು 10 ಬೈಟ್ ಜಾಗ. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು, ಹಾಗಾಗಿ ಮೂರು ಚಿಹ್ನೆಗಿಂತ ಹೆಚ್ಚು ಹಿಡಿಸುವುದಿಲ್ಲ. ಕಾಲಂ ಹೆಸರು ಕನ್ನಡದಲ್ಲೇ ಇರಬೇಕೆಂದರೆ ಜಿಯೋಪ್ಯಾಕೇಜ್ ಎಂಬ ಇನ್ನೊಂದು ಬಗೆಯ ಕಡತ ಬಳಸಿ.)

ಕಷ್ಟ ಇರುವುದು ಫೀಚರ್‌ನದ್ದು. ‘ವಸ್ತು’ ಬಾವಿಗೆ ಒಪ್ಪುತ್ತದೆ, ಪಂಚಾಯತಿನ ಗಡಿಗೆ ಒಪ್ಪುವುದಿಲ್ಲ. ಆ ಗೆರೆ ನೆಲದ ಮೇಲೆ ಎಲ್ಲೂ ಕಾಣುವುದಿಲ್ಲವಲ್ಲ. ‘ಭೂರೂಪ’ ಅಂದರೆ ಗುಡ್ಡ, ಕಣಿವೆ ಅಂತಲೇ ಭೂಗೋಳ ಓದಿದವರು ತಿಳಿಯುತ್ತಾರೆ. ‘ಗುರುತು’ ಕಿವಿಗೆ ಹಿತ. ಆದರೆ ನಕ್ಷೆಯ ಚಿಹ್ನೆಗೂ ಗುರುತು ಅಂತಲೇ ಹೇಳುತ್ತೇವೆ. ಬಾವಿಯ ನೀಲಿ ಚುಕ್ಕಿಯನ್ನು ಕೆಂಪು ಮಾಡಿದರೆ ಚಿಹ್ನೆ ಬದಲಾಗುತ್ತದೆ, ಫೀಚರ್ ಬದಲಾಗುವುದಿಲ್ಲ. ಸದ್ಯಕ್ಕೆ ನನ್ನ ಒಲವು ‘ಘಟಕ’ದ ಕಡೆಗೆ. ‘ಪದರದ ಘಟಕಗಳು, ಘಟಕದ ವಿವರಗಳು’ ಅಂತ ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ. ಪಕ್ಷದ ಘಟಕ, ತಯಾರಿಕಾ ಘಟಕ ಅಂತ ಕೇಳಿ ಕೇಳಿ ಸ್ವಲ್ಪ ಒಣಗಿದ ಪದ ಅನ್ನುವುದೊಂದೇ ಬೇಸರ.

ರಾಸ್ಟರ್ (ಸಣ್ಣ ಚೌಕಗಳಿಂದಾದ ಚಿತ್ರರೂಪದ ಮಾಹಿತಿ), ವೆಕ್ಟರ್ (ಮೇಲೆ ಹೇಳಿದ ಚುಕ್ಕಿ, ಗೆರೆ, ಆವರಣದ ಮಾಹಿತಿ) ಎಂಬ ಪದಗಳು ಹಾಗೇ ಇರಲಿ, ಸುಮ್ನೆ ಹೊಸ ಪದ ಕಟ್ಟುವುದು ಬೇಡ.

ನನ್ನ ಪ್ರಶ್ನೆ ಭೂಮಾಪನದ ಕೆಲಸ ಬಲ್ಲವರಿಗೆ. ಬಾವಿ, ತೋಡು, ದಾರಿ, ಗಡಿಕಲ್ಲು ಎಲ್ಲವನ್ನೂ ಸೇರಿಸಿ ಹೇಳುವ ಒಂದು ಪದ ನಿಮ್ಮ ಬಳಕೆಯಲ್ಲಿತ್ತಾ? ಕರ್ನಾಟಕದ ಗಡಿಯಾಚೆಗಿನ ತಾಳವಾಡಿ, ಹೊಸೂರು, ಅಕ್ಕಲಕೋಟೆ, ಮಡಕಶಿರ ಕಡೆಯ ಕನ್ನಡದಲ್ಲಿ ಇದ್ದರೂ ದಯವಿಟ್ಟು ತಿಳಿಸಿ. ತುಳು ಪದವಾದರೂ ಆದೀತು.