30 ಆಂಪ್ ಔಟ್‌ಲೆಟ್‌ನಲ್ಲಿ 240 ವೋಲ್ಟ್ ಬಂದಿದೆ, ಕ್ಯಾಂಪರ್‌ನಲ್ಲಿ ಏನೇನು ಸುಟ್ಟಿರಬಹುದು?

ದಾರಿಹೋಕ30

ಟ್ರಾವೆಲ್ ಟ್ರೇಲರ್, ಅಮೆರಿಕದ ಮಾಮೂಲಿ 120 ವೋಲ್ಟ್, 30 ಆಂಪ್ ಸರ್ವೀಸ್. ಮನೆಯ ಹೊರಗೋಡೆಗೆ ಎಲೆಕ್ಟ್ರಿಷಿಯನ್ ಒಬ್ಬರು ಹೊಸದಾಗಿ ಟಿಟಿ-30 (ಕ್ಯಾಂಪರ್‌ಗೆಂದೇ ಇರುವ 120 ವೋಲ್ಟ್, 30 ಆಂಪ್) ಔಟ್‌ಲೆಟ್ ಕೂರಿಸಿದ್ದಾರೆ. ಪ್ಲಗ್ ಹಾಕಿ ಬ್ರೇಕರ್ ಆನ್ ಮಾಡಿದ ತಕ್ಷಣ ಮೈಕ್ರೋವೇವ್ ಒಳಗೆ ಟಪ್ ಎಂದು ಸದ್ದು, ಕನ್ವರ್ಟರ್ (120 ವೋಲ್ಟನ್ನು 12 ವೋಲ್ಟ್ ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆ) ಕಡೆಯಿಂದ ಹೊಗೆ. ಕೆಲವೇ ಸೆಕೆಂಡಿನಲ್ಲಿ ಬ್ರೇಕರ್ ಇಳಿಸಿ ಪ್ಲಗ್ ಕಿತ್ತಾಯಿತು.

ಔಟ್‌ಲೆಟ್‌ನಲ್ಲಿ ಮೀಟರ್ ತೋರಿಸುತ್ತಿರುವುದು: ಎರಡು ಚಪ್ಪಟೆ ಕಿಂಡಿಗಳ ನಡುವೆ 243, ಪ್ರತಿಯೊಂದರಿಂದಲೂ ಗುಂಡನೆಯ ಗ್ರೌಂಡ್‌ಗೆ 121. ಮನೆಯ ಪ್ಯಾನೆಲ್‌ನಲ್ಲಿ ಇರುವುದು ಡಬಲ್ ಪೋಲ್ (ಎರಡು ಲೈನ್ ಕೊಡುವ) 30 ಆಂಪ್ ಬ್ರೇಕರ್.

ಒಳಗೆ ದೀಪ, ನೀರಿನ ಪಂಪ್, ಫ್ಯಾನ್ ಸರಿಯಾಗಿವೆ. ಫ್ರಿಡ್ಜ್ ಗ್ಯಾಸ್ ಮೇಲೆ ಓಡುತ್ತಿದೆ. ಮೈಕ್ರೋವೇವ್ ಡಿಸ್‌ಪ್ಲೇ ಸತ್ತಿದೆ. ಆ ಹೊತ್ತಿಗೆ ಎಸಿ (ಏರ್ ಕಂಡೀಷನರ್) ಆಫ್, ವಾಟರ್ ಹೀಟರ್‌ನ ಎಲೆಕ್ಟ್ರಿಕ್ ಸ್ವಿಚ್ ಆನ್, ಟ್ಯಾಂಕ್ ತುಂಬ ನೀರಿತ್ತು. ಗೋಡೆಯೊಳಗಿನ ವೈರ್ ಸುಟ್ಟಿರಬಹುದಾ? ಕನ್ವರ್ಟರ್‌ನ ಫ್ಯೂಸ್ ಬದಲಿಸಿದರೆ ಸಾಕಾ? ಯಾವ ಕ್ರಮದಲ್ಲಿ ನೋಡುತ್ತಾ ಹೋಗಬೇಕು?

ಮೀಟರ್‌ಮುಳ್ಳು

ನಿಮ್ಮ ರೀಡಿಂಗ್‌ನಲ್ಲೇ ಉತ್ತರ ಇದೆ. ಟಿಟಿ-30ರಲ್ಲಿ ಒಂದು ಚಪ್ಪಟೆ ಕಿಂಡಿ ಹಾಟ್ (ಕರೆಂಟ್ ಬರುವ ಲೈನ್), ಇನ್ನೊಂದು ನ್ಯೂಟ್ರಲ್ (ಕರೆಂಟ್ ಮರಳುವ ಲೈನ್), ಗುಂಡನೆಯದು ಗ್ರೌಂಡ್. ಹಾಟ್-ನ್ಯೂಟ್ರಲ್ 120, ಹಾಟ್-ಗ್ರೌಂಡ್ 120, ನ್ಯೂಟ್ರಲ್-ಗ್ರೌಂಡ್ ಸೊನ್ನೆಯ ಆಸುಪಾಸು ಬರಬೇಕು. ನಿಮ್ಮಲ್ಲಿ ನ್ಯೂಟ್ರಲ್ ಜಾಗಕ್ಕೂ ಹಾಟ್ ಕೊಟ್ಟಿದ್ದಾರೆ. 30 ಆಂಪ್, ಮೂರು ಕಾಲು, ಓರೆ ಕಿಂಡಿ ಎಂದ ಕೂಡಲೇ ಬಟ್ಟೆ ಒಣಗಿಸುವ ಡ್ರೈಯರ್‌ನ 240 ವೋಲ್ಟ್ ಔಟ್‌ಲೆಟ್ ಎಂದುಕೊಳ್ಳುವುದು ಬಹಳ ಸಾಮಾನ್ಯ ತಪ್ಪು. ಔಟ್‌ಲೆಟ್‌ನ ಮೈಮೇಲೆ 125 ವೋಲ್ಟ್ ಎಂದು ಅಚ್ಚಾಗಿರುತ್ತದೆ, ಆದರೂ ನಡೆಯುತ್ತಲೇ ಇರುತ್ತದೆ.

ಕ್ಯಾಂಪರ್ ಒಳಗಿನ ಬ್ರೇಕರ್ ಇಳಿಸಿದ ಮಾತ್ರಕ್ಕೆ ಈ ಸ್ಥಿತಿಯಲ್ಲಿ ಸುರಕ್ಷಿತ ಅಲ್ಲ. ಅಲ್ಲಿನ ಬ್ರೇಕರ್‌ಗಳು ಹಾಟ್ ಅನ್ನು ಮಾತ್ರ ಕಡಿಯುತ್ತವೆ, ನ್ಯೂಟ್ರಲ್ ಬಾರ್ ಮೇಲೆ 120 ಹಾಗೇ ಕೂತಿರುತ್ತದೆ. ಔಟ್‌ಲೆಟ್ ಸರಿಯಾಗುವ ತನಕ ಕ್ಯಾಂಪರ್‌ನ ಪವರ್ ಕಾರ್ಡ್ ಅದರ ಹತ್ತಿರ ತರಬೇಡಿ.

ಸರಿಪಡಿಸುವ ಮೊದಲು ಔಟ್‌ಲೆಟ್‌ನ ಹಿಂಭಾಗ, ಬ್ರೇಕರ್, ಮೀಟರ್ ರೀಡಿಂಗ್ ಮೂರರದ್ದೂ ಫೋಟೋ ತೆಗೆದಿಡಿ. ಕೆಲಸ ಮಾಡಿದವರ ಲಯಬಿಲಿಟಿ ಇನ್ಶೂರೆನ್ಸ್‌ಗೆ ಕ್ಲೇಮ್ ಹಾಕುವಾಗ ಅದೇ ಸಾಕ್ಷಿ. ಆಮೇಲೆ ಡಬಲ್ ಪೋಲ್ ತೆಗೆದು ಸಿಂಗಲ್ ಪೋಲ್ 30. ಕಪ್ಪು ವೈರ್ ಬ್ರೇಕರ್‌ಗೆ, ಬಿಳಿ ನ್ಯೂಟ್ರಲ್ ಬಾರ್‌ಗೆ, ಬರಿ ತಾಮ್ರ ಅಥವಾ ಹಸಿರು ಗ್ರೌಂಡ್ ಬಾರ್‌ಗೆ. ಕೇಬಲ್ 10 ಗೇಜ್ ತಾಮ್ರವೇ ಎಂದು ಖಾತ್ರಿ ಮಾಡಿಕೊಳ್ಳಿ. ಬಿಳಿ ವೈರಿಗೆ ಹಾಟ್ ಎಂದು ಕಪ್ಪು ಟೇಪ್ ಸುತ್ತಿದ್ದರೆ ಕಿತ್ತುಹಾಕಿ, ಇಲ್ಲದಿದ್ದರೆ ಮುಂದೆ ಪ್ಯಾನೆಲ್ ತೆರೆಯುವವರಿಗೆ ಗೊಂದಲ. ಮೇನ್ ಪ್ಯಾನೆಲ್ ಒಳಗೆ ಕೈ ಹಾಕುವ ಅಭ್ಯಾಸ ಇಲ್ಲದಿದ್ದರೆ ಬೇರೆ ಲೈಸೆನ್ಸ್ ಇರುವವರನ್ನು ಕರೆಸಿ. ಮೇನ್ ಇಳಿಸಿದರೂ ಸರ್ವೀಸ್ ವೈರ್ ಬಂದು ಸೇರುವ ಲಗ್‌ಗಳು ಜೀವಂತವಾಗಿಯೇ ಇರುತ್ತವೆ.

ಬೆಸುಗೆಕಡ್ಡಿ

ಹಾನಿಯ ವಿಷಯಕ್ಕೆ ಬರೋಣ. ಗೋಡೆಯೊಳಗಿನ ವೈರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದರ ಇನ್ಸುಲೇಷನ್ 600 ವೋಲ್ಟ್‌ಗೆ ಮಾಡಿದ್ದು. ಪೆಟ್ಟು ಬಿದ್ದಿರುವುದು ವೈರಿನ ತುದಿಯಲ್ಲಿರುವ ಸಾಮಾನುಗಳಿಗೆ.

ದೀಪ, ಪಂಪ್ ಓಡುತ್ತಿವೆ ಎಂದು ಸಮಾಧಾನ ಪಡಬೇಡಿ. ಅವೆಲ್ಲ 12 ವೋಲ್ಟ್, ಈಗ ಬ್ಯಾಟರಿಯನ್ನು ಕುಡಿಯುತ್ತಿವೆ. ಕನ್ವರ್ಟರ್ ಸತ್ತಿದ್ದರೆ ಒಂದೆರಡು ದಿನದಲ್ಲಿ ದೀಪ ಮಂಕಾಗುತ್ತದೆ. ಫ್ರಿಡ್ಜ್ ಗ್ಯಾಸ್ ಮೇಲೆ ಓಡಿದರೂ ಅದರ ಕಂಟ್ರೋಲ್ ಬೋರ್ಡ್‌ಗೆ 12 ವೋಲ್ಟ್ ಬೇಕು, ಬ್ಯಾಟರಿ ಇಳಿದ ದಿನ ಅದೂ ನಿಲ್ಲುತ್ತದೆ.

ಕನ್ವರ್ಟರ್ ಮುಂಭಾಗದಲ್ಲಿ ಕಾಣುವ ಎರಡು ದೊಡ್ಡ ಫ್ಯೂಸ್ ಬದಲಿಸುವ ಯೋಚನೆ ಬಿಡಿ. ಅವು ಬ್ಯಾಟರಿಯನ್ನು ಉಲ್ಟಾ ಕೊಟ್ಟಾಗ ಹಾರಲಿಕ್ಕೆ ಇರುವಂಥವು, ಈ ಘಟನೆಗೂ ಅವಕ್ಕೂ ಸಂಬಂಧವಿಲ್ಲ. 120 ವೋಲ್ಟ್ ಎಸಿ ಕರೆಂಟನ್ನು ರೆಕ್ಟಿಫೈ ಮಾಡಿದರೆ (ಡಿಸಿಗೆ ತಿರುಗಿಸಿದರೆ) ಪೀಕ್ ಸುಮಾರು 170, 240 ಆದರೆ ಸುಮಾರು 340. 120ಕ್ಕಷ್ಟೇ ಮಾಡಿದ ಕನ್ವರ್ಟರ್‌ನ ಇನ್‌ಪುಟ್ ಕೆಪಾಸಿಟರ್ ಸಾಮಾನ್ಯವಾಗಿ 200 ಅಥವಾ 250 ವೋಲ್ಟ್‌ದು, ಉಬ್ಬಿ ಬಾಯಿ ಬಿಡುತ್ತದೆ. ಸರ್ಜ್ (ವೋಲ್ಟೇಜ್‌ನ ಹಠಾತ್ ಏರಿಕೆ) ತಡೆಯುವ ಎಂಒವಿ ಎಂಬ ಬಿಡಿಭಾಗ ಶಾರ್ಟ್ ಆಗಿ ಸಿಡಿಯುತ್ತದೆ. ಹೊಗೆ ಬಂದದ್ದು ಇವೆರಡರಲ್ಲಿ ಒಂದರಿಂದ.

ಈಗ ಮಾಡಬೇಕಾದದ್ದು: ಬ್ಯಾಟರಿ ಡಿಸ್‌ಕನೆಕ್ಟ್ ಆಫ್, ಇನ್ವರ್ಟರ್ ಇದ್ದರೆ ಅದೂ ಆಫ್, ಕ್ಯಾಂಪರ್‌ನ ಎಲ್ಲ ಬ್ರೇಕರ್ ಇಳಿಸಿ, ಸಾಕೆಟ್‌ಗಳಿಂದ ಎಲ್ಲ ಪ್ಲಗ್ ತೆಗೆಯಿರಿ. ಕಾರ್ಡ್‌ನ ಪ್ಲಗ್‌ನಲ್ಲೇ ಮೀಟರನ್ನು ಓಮ್‌ಗೆ ಇಟ್ಟು ಅಳೆಯಿರಿ. ಮೂರೂ ಜೋಡಿಗಳಲ್ಲಿ ಓಪನ್ (ನಡುವೆ ಸಂಪರ್ಕ ಇಲ್ಲ ಎಂದು) ಬರಬೇಕು. ಆಮೇಲೆ ಮೇನ್ ಎತ್ತಿ, ಒಂದೊಂದೇ ಬ್ರಾಂಚ್‌ನ (ಪ್ರತ್ಯೇಕ ಲೈನ್‌ನ) ಬ್ರೇಕರ್ ಎತ್ತಿ ಇಳಿಸುತ್ತಾ ಹಾಟ್-ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೆ ಬರೆದುಕೊಳ್ಳಿ. ಸೊನ್ನೆ ಓಮ್ ಸಮೀಪ ಕಂಡ ಬ್ರಾಂಚ್‌ಗೆ ಮತ್ತೆ ಕರೆಂಟ್ ಕೊಡಲೇಬೇಡಿ. ನ್ಯೂಟ್ರಲ್-ಗ್ರೌಂಡ್ ಎಲ್ಲ ಹೊತ್ತಿಗೂ ಓಪನ್ ಇರಲೇಬೇಕು, ಕ್ಯಾಂಪರ್ ಒಳಗೆ ಅವೆರಡನ್ನು ಸೇರಿಸುವಂತಿಲ್ಲ.

ಬಿಸಿ ಮಾಡುವ ಎಲಿಮೆಂಟ್‌ಗಳ ಲೆಕ್ಕ ಬೇರೆ. ವೋಲ್ಟೇಜ್ ಇಮ್ಮಡಿಯಾದರೆ ಪವರ್ ನಾಲ್ಕು ಪಟ್ಟು. 1440 ವಾಟ್ ಹೀಟರ್ 5760 ವಾಟ್ ಆಗಿ 24 ಆಂಪ್ ಎಳೆಯುತ್ತದೆ. ನೀರು ಇದ್ದುದರಿಂದ ಕೆಲವು ಸೆಕೆಂಡ್ ತಡೆದುಕೊಂಡಿರುವ ಸಾಧ್ಯತೆ ಹೆಚ್ಚು. ಎಲಿಮೆಂಟ್‌ನ ಎರಡೂ ವೈರ್ ಬಿಚ್ಚಿ ಅಳೆಯಿರಿ, 1440 ವಾಟ್‌ದಾದರೆ 10 ಓಮ್. ಫ್ರಿಡ್ಜ್ ಎಲಿಮೆಂಟ್‌ಗೂ ಅದೇ ಸೂತ್ರ: 120ರ ವರ್ಗವನ್ನು ವಾಟ್‌ನಿಂದ ಭಾಗಿಸಿ, 300 ವಾಟ್‌ಗೆ 48 ಓಮ್.

ದಾರಿಹೋಕ30

ಮಾಹಿತಿಗೆ ಇಬ್ಬರಿಗೂ ಧನ್ಯವಾದ. ಫೋಟೋ ತೆಗೆದಾಯಿತು, ಬೇರೆ ಎಲೆಕ್ಟ್ರಿಷಿಯನ್ ಸಿಂಗಲ್ ಪೋಲ್ ಬ್ರೇಕರ್ ಹಾಕಿದರು. ಈಗ ಔಟ್‌ಲೆಟ್‌ನಲ್ಲಿ 121, 121, 0.3.

ಕಾರ್ಡ್‌ನಲ್ಲಿ ನ್ಯೂಟ್ರಲ್-ಗ್ರೌಂಡ್, ಹಾಟ್-ಗ್ರೌಂಡ್ ಓಪನ್. ವಾಟರ್ ಹೀಟರ್ ಎಲಿಮೆಂಟ್ 10.2 ಓಮ್, ಅದರ ಒಂದು ಟರ್ಮಿನಲ್‌ನಿಂದ ಟ್ಯಾಂಕ್ ಮೈಗೆ ಓಪನ್. ಫ್ರಿಡ್ಜ್ ಎಲಿಮೆಂಟ್ 47. ಕನ್ವರ್ಟರ್ ಬ್ರಾಂಚ್ 0.8 ಓಮ್. ಮೈಕ್ರೋವೇವ್ ಓಪನ್. ಬ್ಯಾಟರಿ 12.3 ವೋಲ್ಟ್‌ಗೆ ಇಳಿದಿದೆ. ಬಾತ್‌ರೂಮ್‌ನ ಜಿಎಫ್‌ಸಿಐ (ಕರೆಂಟ್ ಲೀಕ್ ಆದರೆ ಕಡಿಯುವ ಸಾಕೆಟ್) ಬಟನ್ ಒತ್ತಿದರೆ ಟಿಕ್ ಎನ್ನುತ್ತದೆ.

ಮೀಟರ್‌ಮುಳ್ಳು

0.8 ಓಮ್ ಎಂದರೆ ಕನ್ವರ್ಟರ್ ಇನ್‌ಪುಟ್ ಶಾರ್ಟ್. ಹೀಟರ್, ಫ್ರಿಡ್ಜ್ ಎಲಿಮೆಂಟ್ ಬದುಕಿವೆ, ಅದು ಅದೃಷ್ಟ. ಎಂಒವಿ, ಒಳಗಿನ ಫ್ಯೂಸ್ ಎರಡನ್ನು ಬೆಸುಗೆ ಹಾಕಿ ಬದಲಿಸಿದರೆ ಕನ್ವರ್ಟರ್ ಏಳಲೂಬಹುದು.

ಬೆಸುಗೆಕಡ್ಡಿ

ಅದನ್ನು ನಾನು ಒಪ್ಪುವುದಿಲ್ಲ. ಎಂಒವಿ ಮಾತ್ರ ಹೋಗಿದ್ದರೆ ಸರಿ, ಆದರೆ ಕೆಪಾಸಿಟರ್, ಬ್ರಿಡ್ಜ್, ಸ್ವಿಚಿಂಗ್ ಮಾಸ್‌ಫೆಟ್ ಎಲ್ಲವೂ ಪೆಟ್ಟು ತಿಂದಿರುತ್ತವೆ. ಅರೆಜೀವದ ಚಾರ್ಜರ್ ಬ್ಯಾಟರಿಯನ್ನು 15 ವೋಲ್ಟ್ ದಾಟಿಸಿ ಕುದಿಸಿದರೆ ಖರ್ಚು ಎರಡಾಗುತ್ತದೆ. ಬಹಳಷ್ಟು ಪವರ್ ಸೆಂಟರ್‌ಗಳಲ್ಲಿ ಬ್ರೇಕರ್, ಫ್ಯೂಸ್ ಭಾಗವನ್ನು ಹಾಗೇ ಉಳಿಸಿ ಕೆಳಗಿನ ಕನ್ವರ್ಟರ್ ವಿಭಾಗ ಮಾತ್ರ ಬದಲಿಸುವ ಕಿಟ್ ಸಿಗುತ್ತದೆ, ಹಳೆಯದರಷ್ಟೇ ಆಂಪ್‌ನದು ತೆಗೆದುಕೊಳ್ಳಿ. ಬ್ಯಾಟರಿ ಲಿಥಿಯಂ ಆಗಿದ್ದರೆ ಅದಕ್ಕೆ ತಕ್ಕ ಚಾರ್ಜಿಂಗ್ ಮೋಡ್ ಇರುವುದನ್ನೇ ನೋಡಿ. ಬದಲಿಸುವಾಗ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಮೈಕ್ರೋವೇವ್ ಅಡುಗೆ ಮಾಡದೆಯೂ ಸತ್ತದ್ದು ಏಕೆಂದರೆ ಗಡಿಯಾರದ ಬೋರ್ಡ್‌ಗೆ ಸದಾ ಕರೆಂಟ್ ಇರುತ್ತದೆ. ಕವಚ ಬಿಚ್ಚಬೇಡಿ, ಒಳಗಿನ ಹೈ ವೋಲ್ಟೇಜ್ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟಿರಬಹುದು. ಹೊಸದು ತನ್ನಿ.

ಜಿಎಫ್‌ಸಿಐ ಟಿಕ್ ಎಂದರೂ ಬದಲಿಸಿ. ಕರೆಂಟ್ ಇಲ್ಲದೆ ಬಟನ್ ಟಿಕ್ ಎನ್ನುವುದು ಬರೀ ಯಾಂತ್ರಿಕ ಸದ್ದೂ ಆಗಿರಬಹುದು, ಒಳಗಿನ ಎಲೆಕ್ಟ್ರಾನಿಕ್ಸ್ ಸತ್ತಿದ್ದರೆ ಶಾಕ್ ಹೊಡೆಯುವಾಗ ಅದು ಬೀಳುವುದಿಲ್ಲ. ಸರ್ಜ್ ಪಟ್ಟಿಗಳನ್ನು ಎಸೆಯಿರಿ. ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಮೇಲೆ 100-240 ಎಂದಿದ್ದರೆ ಚಿಂತೆಯಿಲ್ಲ. ಟಿವಿಯ ಹಿಂದಿನ ಲೇಬಲ್ ಓದಿ.

ಮೀಟರ್‌ಮುಳ್ಳು

ಸರಿ, ಬ್ಯಾಟರಿಯ ಮಾತು ಬಂದ ಮೇಲೆ ಹೊಸ ಕನ್ವರ್ಟರ್‌ಗೇ ನನ್ನ ಓಟು ಕೂಡ.

ಮತ್ತೆ ಕರೆಂಟ್ ಕೊಡುವಾಗ ಕನ್ವರ್ಟರ್ ಬ್ರೇಕರ್ ಇಳಿಸಿಟ್ಟು, ಮೊದಲು ಮನೆಯ ಜಿಎಫ್‌ಸಿಐ ಇರುವ 15 ಆಂಪ್ ಸಾಕೆಟ್‌ನಿಂದ ಅಡಾಪ್ಟರ್ ಮೂಲಕ ಕೊಡಿ. ಎಲ್ಲೋ ಲೀಕೇಜ್ ಉಳಿದಿದ್ದರೆ ಅದು ಅಲ್ಲೇ ಬೀಳುತ್ತದೆ. ಒಂದೊಂದೇ ಬ್ರೇಕರ್ ಎತ್ತಿ, ಐದು ನಿಮಿಷ ಕಾದು, ಮೂಗು ಕಿವಿ ಎರಡನ್ನೂ ತೆರೆದಿಡಿ. ಹೊಸ ಕನ್ವರ್ಟರ್ ಕೂತ ಮೇಲೆ ಬ್ಯಾಟರಿ ಟರ್ಮಿನಲ್‌ನಲ್ಲಿ ಅಳೆಯಿರಿ, ಲೆಡ್ ಆಸಿಡ್ ಆದರೆ ಮೆಲ್ಲನೆ ಏರಿ 13.6ರ ಆಸುಪಾಸು ನಿಲ್ಲಬೇಕು, ಬೂಸ್ಟ್‌ನಲ್ಲಿ 14.4. ಎಸಿಯನ್ನು ಕೊನೆಗೆ, 30 ಆಂಪ್ ಔಟ್‌ಲೆಟ್‌ನಿಂದಲೇ ಓಡಿಸಿ; 15ರಲ್ಲಿ ಕಂಪ್ರೆಸರ್ ಏಳುವಾಗ ಬ್ರೇಕರ್ ಬಿದ್ದರೆ ಎಸಿ ಕೆಟ್ಟಿದೆ ಎಂದು ತಪ್ಪು ತಿಳಿಯುತ್ತೀರಿ.

ಒಂದು ಇಎಂಎಸ್ (ಔಟ್‌ಲೆಟ್‌ಗೂ ಕ್ಯಾಂಪರ್‌ಗೂ ನಡುವೆ ಕೂತು ಕರೆಂಟನ್ನು ಪರೀಕ್ಷಿಸುವ ಸಾಧನ) ಕೊಂಡುಬಿಡಿ. ಬರೀ ಸರ್ಜ್ ಪ್ರೊಟೆಕ್ಟರ್ ಬೇಡ, ಅದು ಮಿಂಚಿನಂಥ ಕ್ಷಣಿಕ ಏಟಿಗೆ ಇರುವಂಥದ್ದು, ನಿರಂತರ 240 ಬಂದರೆ ಅದೂ ಸುಟ್ಟು ಕೂರುತ್ತದೆ. ಇಎಂಎಸ್ ಮೊದಲು ವೋಲ್ಟೇಜ್, ಪೋಲಾರಿಟಿ, ಗ್ರೌಂಡ್ ನೋಡಿ, ಎಲ್ಲ ಸರಿಯಿದ್ದರಷ್ಟೇ ಒಳಗೆ ಬಿಡುತ್ತದೆ. ಪ್ಲಗ್ ಹಾಕಿದ ಮೇಲೆ ಒಂದೆರಡು ನಿಮಿಷ ಸುಮ್ಮನಿದ್ದರೆ ಗಾಬರಿಯಾಗಬೇಡಿ, ಅದು ಅದರ ಡಿಲೇ.