ಪದಚರ್ಚೆ: ಎಲೆಯ ಕ್ಯುಟಿಕಲ್‌ಗೆ ‘ಪೊರೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಜುರಾಸಿಕ್ ಕಾಲದ ಗಿಡಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಡೈನೊಸಾರ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅವು ಮೇಯ್ದ ಸೊಪ್ಪನ್ನು ಕೇಳುವವರಿಲ್ಲ ಅಂತ ಕೈ ಹಾಕಿದೆ. ಈಗ ಒಂದೇ ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ: ಕ್ಯುಟಿಕಲ್, ಅಂದರೆ ಎಲೆಯ ಮೇಲ್ಮೈಯ ತೆಳು ಹೊದಿಕೆ.

‘ಹೊರಚರ್ಮ’ ಅಂತ ಬರೆದು ಮುಂದೆ ಹೋಗೋಣ ಅಂದುಕೊಂಡೆ. ಆದರೆ ಆ ಪದ ಎಪಿಡರ್ಮಿಸ್‌ಗೆ, ಅಂದರೆ ಈ ಹೊದಿಕೆಯ ಅಡಿಯ ಕೋಶಗಳ ಪದರಕ್ಕೆ ಬೇಕು. ಎರಡಕ್ಕೂ ಒಂದೇ ಪದ ಬಳಸಿದರೆ ಪಳೆಯುಳಿಕೆಯ ವಿಷಯದಲ್ಲಿ ಕಥೆಯೇ ಕೆಡುತ್ತದೆ.

ಯಾಕೆ ಅಂದರೆ, ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯ ಬಂಡೆಗಳಲ್ಲಿ ಸುಮಾರು 17 ಕೋಟಿ ವರ್ಷ ಹಳೆಯ ಎಲೆಗಳು ಸಿಗುತ್ತವೆ. ಕಲ್ಲಿಗೆ ಕರಿ ಕಾಗದ ಅಂಟಿಸಿದ ಹಾಗೆ ಕಾಣುತ್ತವೆ. ಅದರ ಒಂದು ಚೂರು ಎಬ್ಬಿಸಿ, ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಕ್ಲೋರೇಟ್‌ನಲ್ಲಿ ನೆನೆಹಾಕುತ್ತಾರೆ. ಆಮೇಲೆ ಅಮೋನಿಯಾದಂಥ ಕ್ಷಾರಕ್ಕೆ ಹಾಕಿದರೆ ಕರಿಯೆಲ್ಲ ಕರಗಿ ಹಳದಿ ಬಣ್ಣದ ತೆಳುವಾದ ಹಾಳೆ ಉಳಿಯುತ್ತದೆ. ಅದೇ ಕ್ಯುಟಿಕಲ್. ಎಲೆ ಬದುಕಿದ್ದಾಗ ನೀರು ಆರಿಹೋಗದಂತೆ ಹೊದ್ದಿದ್ದ ಹೊದಿಕೆ. ಅದರಲ್ಲಿ ಕೋಶಗಳೇ ಇಲ್ಲ. ಆದರೆ ಅಡಿಯಲ್ಲಿದ್ದ ಕೋಶಗಳ ಅಂಚು, ಪತ್ರರಂಧ್ರ (ಎಲೆ ಉಸಿರಾಡುವ ಸಣ್ಣ ತೂತು), ರೋಮದ ಬುಡ ಎಲ್ಲದರ ಅಚ್ಚೂ ಬಿದ್ದಿರುತ್ತದೆ. ಚರ್ಮ ಹೋಗಿ ಅದರ ಅಚ್ಚು ಉಳಿದಿದೆ!

ಹಾವಿನ ಪೊರೆಯೂ ಹೀಗೇ ಅಲ್ವಾ? ಹಾವು ಎಲ್ಲೋ ಹೋಗಿರುತ್ತದೆ. ಬೇಲಿಗೆ ಸಿಕ್ಕಿದ ಪೊರೆಯಲ್ಲಿ ಒಂದೊಂದು ಹುರುಪೆಯ ಗುರುತೂ ಇರುತ್ತದೆ. ಊರಲ್ಲಿ ಹಿರಿಯರು ಅದನ್ನು ನೋಡಿಯೇ ನಾಗರವೋ ಕೇರೆಯೋ ಹೇಳುತ್ತಿದ್ದರು.

ತೊಡಕು ಇಷ್ಟೇ: ‘ಕೋಶಪೊರೆ’ಯಲ್ಲಿ ಪೊರೆ ಅಂದರೆ ಮೆಂಬ್ರೇನ್. ಕಣ್ಣಿನ ಪೊರೆ ಬೇರೆ ಇದೆ. ‘ಎಲೆಪೊರೆ’ ಅಂದರೆ ಗೊಂದಲ ತಪ್ಪುತ್ತದಾ? ಗೆಳೆಯರೊಬ್ಬರು ‘ಮೇಣಪೊರೆ’ ಅಂದರು. ಕೇಳೋಕೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಮೇಣ ಅದರ ಒಂದು ಭಾಗ ಮಾತ್ರ. ಹೊದಿಕೆಯ ಗಟ್ಟಿತನ ಕ್ಯುಟಿನ್ ಎಂಬ ಬೇರೆ ವಸ್ತುವಿನದು.

ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದಾನೆ ಅನ್ನಬೇಡಿ. ಅದೇ ಯಾರ್ಕ್‌ಶೈರಿನ ಒಂದು ಎಲೆ ನೋಡಿ. ಉದ್ದನೆಯ ಪಟ್ಟಿ, ನಡುವೆ ದಪ್ಪ ನರ, ಅಕ್ಕಪಕ್ಕಕ್ಕೆ ಒತ್ತೊತ್ತಾಗಿ ಸಣ್ಣ ನರಗಳು. ಆಕಾರ ನೋಡಿ ಟೀನಿಯಾಪ್ಟೆರಿಸ್ ಅಂದರು, ಅಂದರೆ ಪಟ್ಟಿಯಂಥ ಜರೀಗಿಡ. ಎಲೆಪೊರೆ ನೋಡಿದಾಗ ಅದು ಜರೀಗಿಡವೇ ಅಲ್ಲ, ಬೀಜ ಬಿಡುತ್ತಿದ್ದ, ಈಗ ಅಳಿದುಹೋಗಿರುವ ಬೆನೆಟೈಟೇಲಿಸ್ ಗುಂಪಿನದು ಅಂತ ಗೊತ್ತಾಯಿತು. ಈ ಗುಂಪಿನಲ್ಲಿ ಕೋಶಗಳ ಅಂಚು ಸಾಮಾನ್ಯವಾಗಿ ಅಲೆಅಲೆಯಾಗಿರುತ್ತದೆ, ಸೈಕಸ್ (ತಾಳೆಯ ಹಾಗೆ ಕಾಣುವ, ಬೀಜ ಬಿಡುವ ಗಿಡ) ಬಳಗದಲ್ಲಿ ಜಾಸ್ತಿ ನೇರ. ಹೊಸ ಹೆಸರು ನಿಲ್ಸೋನಿಯಾಪ್ಟೆರಿಸ್. ತಮಾಷೆ ಏನೆಂದರೆ ನಿಲ್ಸೋನಿಯಾ ಸೈಕಸ್ ಬಳಗದ್ದು, ಪ್ಟೆರಿಸ್ ಅಂದರೆ ಜರೀಗಿಡ. ಈ ಎಲೆ ಅದೂ ಅಲ್ಲ, ಇದೂ ಅಲ್ಲ.

ಎರಡನೇ ಪ್ರಶ್ನೆ ಪತ್ರರಂಧ್ರದ್ದು. 1930ರ ದಶಕದ ಆರಂಭದಲ್ಲಿ ಸ್ವೀಡನ್ನಿನ ರುಡಾಲ್ಫ್ ಫ್ಲೊರಿನ್ ಅವನ್ನು ಎರಡು ಬಗೆ ಮಾಡಿದರು: ಹ್ಯಾಪ್ಲೊಕೈಲಿಕ್, ಸಿಂಡಿಟೊಕೈಲಿಕ್. ಗ್ರೀಕಿನಲ್ಲಿ ಕೈಲೋಸ್ ಅಂದರೆ ತುಟಿ. ಹಾಗೇ ಇಳಿಸಿದರೆ ‘ಸರಳತುಟಿ’, ‘ಕೂಡುತುಟಿ’. ಆದರೆ ವ್ಯತ್ಯಾಸ ಹುಟ್ಟಿನದು. ಮೊದಲನೆಯದರಲ್ಲಿ ಕಾವಲು ಕೋಶಗಳ (ರಂಧ್ರವನ್ನು ತೆರೆದು ಮುಚ್ಚುವ ಜೋಡಿ ಕೋಶಗಳ) ಪಕ್ಕ ನಿಲ್ಲುವ ಕೋಶಗಳು ನೆರೆಯಿಂದ ಬಂದವು. ಎರಡನೆಯದರಲ್ಲಿ ಎಲ್ಲವೂ ಒಂದೇ ತಾಯಿಕೋಶದ ಮಕ್ಕಳು. ಸೈಕಸ್ ಬಳಗದಲ್ಲಿ ಮೊದಲನೆಯದು, ಬೆನೆಟೈಟೇಲಿಸ್‌ನಲ್ಲಿ ಎರಡನೆಯದು. ನನಗೆ ‘ನೆರೆ ಬಗೆ’, ‘ಒಡಹುಟ್ಟು ಬಗೆ’ ಹಿಡಿಸಿದೆ. ಒಡಹುಟ್ಟಿದವರು ಅಂದರೆ ಮಕ್ಕಳಿಗೆ ತಕ್ಷಣ ತಿಳಿಯುತ್ತದೆ. ಆದರೆ ಪಳೆಯುಳಿಕೆಯಲ್ಲಿ ಹುಟ್ಟು ಕಾಣುವುದಿಲ್ಲ, ಬೆಳೆದ ರೂಪ ನೋಡಿ ಊಹಿಸಬೇಕು. ಊಹೆಯನ್ನೇ ಹೆಸರಿಗೆ ಕಟ್ಟುವುದು ಸರಿಯಾ?

ಒಂದು ಕಡೆ ಮಾತ್ರ ಕನ್ನಡ ತಾನಾಗಿಯೇ ಒದಗಿ ಬಂತು. 1840ರಲ್ಲಿ ಜಾನ್ ಮಾರಿಸ್ ಕಚ್ಛ್‌ನಲ್ಲಿ ಸಿಕ್ಕ ಎಲೆಗಳಿಗೆ ಪ್ಟಿಲೊಫಿಲಮ್ ಅಂತ ಹೆಸರಿಟ್ಟರು. ಗ್ರೀಕಿನಲ್ಲಿ ಪ್ಟಿಲೋನ್ ಅಂದರೆ ಹಕ್ಕಿಯ ಗರಿ, ಫಿಲೋನ್ ಅಂದರೆ ಎಲೆ. ಅವರು ಎರಡು ಪದ ಜೋಡಿಸಿದ್ದನ್ನು ನಾವು ‘ಗರಿ’ ಒಂದರಲ್ಲೇ ಹೇಳುತ್ತೇವೆ, ನವಿಲಿಗೂ ತೆಂಗಿಗೂ.

ಆದರೆ ಅಲ್ಲೂ ಒಂದು ಗಂಟಿದೆ. ತೆಂಗಿನಗರಿ ಅಂದರೆ ಕೆಲವರಿಗೆ ಇಡೀ ಸೋಗೆ, ಕೆಲವರಿಗೆ ಅದರ ಒಂದು ಸೀಳು. ನಿಮ್ಮ ಕಡೆ ಆ ಒಂದು ಸೀಳಿಗೆ ಏನಂತೀರಿ? ಊರ ಹೆಸರಿನ ಜೊತೆ ತಿಳಿಸಿ.