ನಡು ಸಮುದ್ರದಲ್ಲಿ ಬೇರೆ ದೇಶದ ಹಡಗಿಗೆ ಡೀಸೆಲ್ ಕೊಡೋದು ಹೇಗೆ? ಟ್ಯಾಂಕರ್‌ನಲ್ಲಿ ಕೆಲಸ ಮಾಡಿದವರನ್ನು ಕೇಳಿ

ಪ್ರಶ್ನೆ (ಸಕಲೇಶಪುರದಿಂದ): ಸರ್, ನಮಸ್ತೆ. ನೀವು ನೌಕಾಪಡೆಯ ಟ್ಯಾಂಕರ್ ಹಡಗಿನ ಡೆಕ್ ಮೇಲೆ ಕೆಲಸ ಮಾಡಿದವರು ಅಂತ ಗುಂಪಿನಲ್ಲಿ ಹೇಳಿದರು. ಮೊನ್ನೆ ಒಂದು ವಿಡಿಯೋ ನೋಡಿದೆ. ನಮ್ಮ ಟ್ಯಾಂಕರ್, ಪಕ್ಕದಲ್ಲೇ ಬೇರೆ ದೇಶದ ಯುದ್ಧನೌಕೆ, ಎರಡೂ ಓಡುತ್ತಿವೆ, ನಡುವೆ ಕಪ್ಪು ಹೋಸ್ ಜೋತಾಡುತ್ತಿದೆ. ನಿಲ್ಲಿಸಿಕೊಂಡು ಆರಾಮಾಗಿ ತುಂಬಿಸಬಹುದಲ್ವಾ?

ಉತ್ತರ: ನಿಂತರೇ ಕಷ್ಟ. ಚುಕ್ಕಾಣಿ ಕೆಲಸ ಮಾಡಬೇಕಾದರೆ ಅದರ ಮೇಲೆ ನೀರು ಹರಿಯುತ್ತಿರಬೇಕು. ನಿಂತ ಹಡಗನ್ನು ಗಾಳಿ ಒಂದು ಕಡೆ, ಅಲೆ ಒಂದು ಕಡೆ ತಿರುಗಿಸುತ್ತದೆ. ಎರಡು ಹಡಗು ಹಾಗೆ ಪಕ್ಕದಲ್ಲಿ ಇದ್ದರೆ ಡಿಕ್ಕಿ ಆಗೋದು ಖಂಡಿತ. ಯುದ್ಧದ ಸಮಯದಲ್ಲಾದರೆ ನಿಂತ ಹಡಗು ಸಬ್‌ಮರೀನ್‌ಗೆ ಸುಲಭದ ಗುರಿ ಬೇರೆ. ಅದಕ್ಕೇ 12ರಿಂದ 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 22ರಿಂದ 28 ಕಿ.ಮೀ. ವೇಗದಲ್ಲಿ ಹೋಗುತ್ತಲೇ ಕೊಡುತ್ತೇವೆ. ನಾವು ಇದಕ್ಕೆ ರಾಸ್ ಅಂತೀವಿ, ‘ರಿಪ್ಲೆನಿಶ್‌ಮೆಂಟ್ ಅಟ್ ಸೀ’, ಅಂದರೆ ಸಮುದ್ರದಲ್ಲೇ ತುಂಬಿಸಿಕೊಡೋದು.

ಟ್ಯಾಂಕರ್ ತನ್ನ ದಿಕ್ಕು, ವೇಗ ಎರಡನ್ನೂ ಕದಲಿಸೋದಿಲ್ಲ. ಹಿಂದಿನಿಂದ ಬಂದು ಪಕ್ಕಕ್ಕೆ ಸೇರಿಕೊಳ್ಳೋದು, ಅಂತರ ಕಾಯೋದು, ಎಣ್ಣೆ ತಗೊಳ್ಳುವ ಹಡಗಿನ ಜವಾಬ್ದಾರಿ. ಅಂತರ ಸಾಮಾನ್ಯವಾಗಿ 30ರಿಂದ 60 ಮೀಟರ್, ಅಷ್ಟೇ. ಎರಡು ಹಡಗಿನ ನಡುವೆ ಸಿಕ್ಕಿಕೊಂಡ ನೀರು ಜೋರಾಗಿ ಓಡುತ್ತದೆ, ಅಲ್ಲಿ ಒತ್ತಡ ಕಮ್ಮಿಯಾಗುತ್ತದೆ, ಹಡಗುಗಳು ನಡುಭಾಗದಲ್ಲಿ ಒಂದರ ಕಡೆಗೆ ಒಂದು ಎಳೆದುಕೊಳ್ಳುತ್ತವೆ. ಮೂತಿ (ಹಡಗಿನ ಮುಂತುದಿ) ಮತ್ತು ಹಿಂತುದಿಯ ಹತ್ತಿರ ಮಾತ್ರ ನೀರು ದೂರ ತಳ್ಳುತ್ತದೆ. ಅದಕ್ಕೆ ಆ ಹೊತ್ತಿಗೆ ಚುಕ್ಕಾಣಿ ಹಿಡಿಯೋದು ಹಡಗಿನಲ್ಲೇ ಅತ್ಯುತ್ತಮ ಕೈ. ಕ್ಯಾಪ್ಟನ್ ಬ್ರಿಡ್ಜಿನ (ಹಡಗು ನಡೆಸುವ ಕೋಣೆ) ಅಂಚಿಗೆ ಬಂದು ನಿಂತು ಎರಡು ಹಡಗಿನ ನಡುವಿನ ನೀರನ್ನೇ ನೋಡುತ್ತಾ ಅರ್ಧ ಡಿಗ್ರಿ, ಒಂದು ಡಿಗ್ರಿ ಅಂತ ಹೇಳುತ್ತಾ ಇರುತ್ತಾರೆ. ಆ ಒಂದು ಗಂಟೆ, ಎರಡು ಗಂಟೆ ಯಾರೂ ಸುಮ್ನೆ ಮಾತಾಡೋದಿಲ್ಲ.

ಮೊದಲು ಸೀಟಿ ಊದುತ್ತಾರೆ, ಎಲ್ಲರೂ ಮರೆಗೆ ಸರಿಯುತ್ತಾರೆ, ಆಮೇಲೆ ಬಂದೂಕಿನಿಂದ ಒಂದು ತೆಳು ದಾರ ಆ ಹಡಗಿಗೆ ಹಾರುತ್ತದೆ. ಆ ದಾರಕ್ಕೆ ಕಟ್ಟಿ ದಪ್ಪ ಹಗ್ಗ, ಹಗ್ಗಕ್ಕೆ ಕಟ್ಟಿ ಉಕ್ಕಿನ ವೈರು. ವೈರನ್ನು ಬಿಗಿ ಮಾಡಿದ ಮೇಲೆ ಅದರ ಮೇಲೆ ಹೋಸ್ ಜಾರಿಕೊಂಡು ಹೋಗುತ್ತದೆ. ಹೋಸ್ ತುದಿಯ ಪ್ರೋಬ್, ಆ ಹಡಗಿನ ಗಂಟೆಯಾಕಾರದ ಬಾಯಿಗೆ ಠಣ್ ಅಂತ ಸೇರಿ ಲಾಕ್ ಆಗುತ್ತದೆ. ಇನ್ನೊಂದು ಹಗ್ಗ ಬರೀ ಅಂತರ ಅಳೆಯೋಕೆ. ಅದರಲ್ಲಿ 20 ಅಡಿಗೊಂದು ಬಣ್ಣದ ಬಾವುಟ ಇರುತ್ತದೆ: ಹಸಿರು, ಕೆಂಪು, ಹಳದಿ, ನೀಲಿ, ಬಿಳಿ, ಮತ್ತೆ ಹಸಿರು. ಮೂತಿಯ ಹತ್ತಿರ ಒಬ್ಬ ಹುಡುಗ ಅದನ್ನು ಸಡಿಲ ಬಿಡದೆ ಎಳೆದು ಹಿಡಿದು ನಿಂತಿರುತ್ತಾನೆ. ಬಣ್ಣ ನೋಡಿದರೆ ಸಾಕು, ಅಂತರ ಗೊತ್ತಾಗುತ್ತದೆ.

ಪ್ರಶ್ನೆ (ಹಾಸನ, ಟ್ಯಾಂಕರ್ ಲಾರಿ ಓಡಿಸುವವರು): ಅಣ್ಣ, ಇಲ್ಲಿ ಮಂಗಳೂರು–ಹಾಸನ–ಬೆಂಗಳೂರು ಪೈಪ್‌ಲೈನ್ ಡಿಪೋದಲ್ಲಿ ಲೋಡ್ ತಗೊಳ್ಳೋನು ನಾನು. ನಿಮ್ಮ ಹಡಗಿಗೆ ಎಷ್ಟು ಹಿಡಿಸುತ್ತೆ, ಎಷ್ಟು ಬೇಗ ಕೊಡ್ತೀರಿ? ನಮ್ಮ ಡೀಸೆಲ್ಲೇ ಅಲ್ವಾ ಅದೂ?

ಉತ್ತರ: ಲೆಕ್ಕ ನಿಮಗೇ ಚೆನ್ನಾಗಿ ಅರ್ಥ ಆಗುತ್ತದೆ ತಮ್ಮಾ. ನಮ್ಮ ನೌಕಾಪಡೆಯ ಟ್ಯಾಂಕರ್‌ಗಳಾದ ಐಎನ್‌ಎಸ್ ದೀಪಕ್, ಐಎನ್‌ಎಸ್ ಶಕ್ತಿ ಎರಡೂ 2011ರಲ್ಲಿ ಸೇವೆಗೆ ಬಂದವು, ಇಟಲಿಯಲ್ಲಿ ಕಟ್ಟಿದ್ದು. ಉದ್ದ ಸುಮಾರು 175 ಮೀಟರ್. ದ್ರವ ಸರಕೇ ಸುಮಾರು 15,500 ಟನ್ ಹಿಡಿಸುತ್ತದೆ. 20 ಸಾವಿರ ಲೀಟರ್‌ನ ಲಾರಿ ಲೆಕ್ಕದಲ್ಲಿ ಹೆಚ್ಚುಕಮ್ಮಿ 900 ಲೋಡ್. ಗಂಟೆಗೆ 1,500 ಟನ್ ತನಕ ಪಂಪ್ ಮಾಡಬಹುದು, ಅಂದರೆ ಗಂಟೆಗೆ 90 ಲಾರಿ. ಎರಡೂ ಪಕ್ಕ ಹೋಸ್ ಇರೋದರಿಂದ ಎಡಕ್ಕೊಂದು ಬಲಕ್ಕೊಂದು ಹಡಗು ಸೇರಿಕೊಂಡು ಒಟ್ಟಿಗೇ ತಗೊಳ್ಳಬಹುದು. ನೀರು, ರೇಷನ್, ಬಿಡಿಭಾಗ, ಮದ್ದುಗುಂಡೂ ಇದೇ ಹಡಗಿಂದ ಹೋಗುತ್ತವೆ.

ನಿಮ್ಮ ಡೀಸೆಲ್, ನಮ್ಮ ಡೀಸೆಲ್ ಎರಡೂ ಒಂದೇ ಅಲ್ಲ. ಪಂಪಿನ ಡೀಸೆಲ್‌ಗೆ ಫ್ಲಾಶ್ ಪಾಯಿಂಟ್ (ಆವಿಗೆ ಬೆಂಕಿ ಹತ್ತುವ ಉಷ್ಣಾಂಶ) ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಯುದ್ಧನೌಕೆಯ ಡೀಸೆಲ್‌ಗೆ 60 ಡಿಗ್ರಿಗಿಂತ ಮೇಲಿರಬೇಕು. ಮುಚ್ಚಿದ ಕಬ್ಬಿಣದ ಹೊಟ್ಟೆಯಲ್ಲಿ ನೂರಾರು ಜನ ಮಲಗುವ ಜಾಗ ಅದು, ಆವಿಗೆ ಬೆಂಕಿ ಹತ್ತಬಾರದು. ಪಂಪ್ ಓಡುವಷ್ಟು ಹೊತ್ತೂ ಎರಡೂ ಹಡಗಿನಲ್ಲಿ ಕೆಂಪು ಬಾವುಟ ಏರಿರುತ್ತದೆ. ಬೀಡಿ, ಸಿಗರೇಟು ಪೂರ್ತಿ ಬಂದ್.

ಪ್ರಶ್ನೆ (ಚಿಕ್ಕಮಗಳೂರು, ಶಾಲಾ ಶಿಕ್ಷಕಿ): ಸರ್, ಬೇರೆ ದೇಶದ ಹಡಗಿಗೆ ನಮ್ಮ ಹೋಸ್ ಹೊಂದುತ್ತದೆಯೇ? ದುಡ್ಡು ಯಾರು ಕೊಡುತ್ತಾರೆ? ಮಕ್ಕಳು ಕೇಳಿದರು.

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ, ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ಪ್ರೋಬ್, ಬಾವುಟದ ಸಂಕೇತ, ಅಂತರದ ಹಗ್ಗದ ಬಣ್ಣ, ಇವನ್ನೆಲ್ಲಾ ಬೇರೆ ಬೇರೆ ನೌಕಾಪಡೆಗಳು ಒಂದೇ ಪದ್ಧತಿಗೆ ತಂದಿವೆ. ಹತ್ತಿರ ಬರುವ ಮೊದಲೇ ಯಾವ ಪಕ್ಕ, ಯಾವ ರಿಗ್ (ವೈರು-ಹೋಸ್ ಜೋಡಣೆ), ಎಷ್ಟು ಟನ್, ಯಾವ ವೇಗ ಅಂತ ಮಾತಾಗಿರುತ್ತದೆ. ಆಮೇಲೆ ಭಾಷೆ ಬೇಕಾಗೋದೇ ಕಡಿಮೆ. ಜಪಾನಿನ ಹುಡುಗನಿಗೂ ನಮ್ಮ ಹುಡುಗನಿಗೂ ಕೈಸನ್ನೆ ಒಂದೇ. ಮಲಬಾರ್ ಹೆಸರಿನ ಜಂಟಿ ನೌಕಾ ಕವಾಯತು 1992ರಲ್ಲಿ ಭಾರತ–ಅಮೆರಿಕ ನಡುವೆ ಶುರುವಾಗಿದ್ದು. ಈಗ ಜಪಾನ್, ಆಸ್ಟ್ರೇಲಿಯಾ ಕೂಡ ಇವೆ. ಇಂಥ ಕವಾಯತಿನಲ್ಲೇ ಇದೆಲ್ಲ ಅಭ್ಯಾಸ ಆಗೋದು.

ದುಡ್ಡಿಗೆ ಒಪ್ಪಂದ ಇದೆ. ಅಮೆರಿಕದ ಜೊತೆ 2016ರಲ್ಲಿ ಸಹಿ ಆಯಿತು, ಆಮೇಲೆ ಫ್ರಾನ್ಸ್, ಆಸ್ಟ್ರೇಲಿಯಾ, ಜಪಾನ್ ಜೊತೆಗೂ ಆಯಿತು. ಕೊಟ್ಟಿದ್ದನ್ನು ಬರೆದಿಟ್ಟು ಆಮೇಲೆ ಲೆಕ್ಕ ಚುಕ್ತಾ ಮಾಡುತ್ತಾರೆ. ನಾವು ಕೊಡೋದು ಮಾತ್ರ ಅಲ್ಲ, ತಗೊಂಡಿದ್ದೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಐಎನ್‌ಎಸ್ ತಲ್ವಾರ್ ಅರಬ್ಬಿ ಸಮುದ್ರದಲ್ಲಿ ಅಮೆರಿಕದ ಯೂಕಾನ್ ಟ್ಯಾಂಕರ್‌ನಿಂದ ಇಂಧನ ತಗೊಂಡಿತು. ಬಂದರಿಗೆ ಹೋಗಿ ಬರುವ ದಿನಗಳು ಉಳಿದವು, ಹಡಗು ತನ್ನ ಜಾಗ ಬಿಡಲಿಲ್ಲ.

ಪ್ರಶ್ನೆ (ಅರಸೀಕೆರೆಯಿಂದ): ಅಣ್ಣಾ, ನನ್ನ ಮಗ ಅಗ್ನಿವೀರ್ ಆಗಿ ಸೇರಿದ್ದಾನೆ. ಟ್ಯಾಂಕರ್‌ಗೆ ಹಾಕಿದ್ದಾರಂತೆ. ಅಪಾಯದ ಕೆಲಸವಾ? ಯುದ್ಧನೌಕೆ ಸಿಗಲಿಲ್ಲ ಅಂತ ಅವನಿಗೂ ಬೇಜಾರು.

ಉತ್ತರ: ಅಕ್ಕಾ, ಅಪಾಯ ಇಲ್ಲ ಅಂತ ಹೇಳಲಾರೆ. ಬಿಗಿಯಾದ ವೈರು ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ, ಎದುರಿಗಿದ್ದವರನ್ನು ಬಿಡೋದಿಲ್ಲ. ಅದಕ್ಕೇ ಮೊದಲ ದಿನದಿಂದ ಒಂದೇ ಪಾಠ: ಹಗ್ಗದ ಸುರುಳಿಯೊಳಗೆ ಕಾಲಿಡಬೇಡ, ವೈರಿನ ಎದುರಿಗೆ ನಿಲ್ಲಬೇಡ, ಕೈಯಲ್ಲಿ ಉಂಗುರ ಬೇಡ. ಹೆಲ್ಮೆಟ್, ಲೈಫ್ ಜಾಕೆಟ್ ಇಲ್ಲದೆ ಆ ಡೆಕ್‌ಗೆ ಯಾರನ್ನೂ ಬಿಡೋದಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಸೈರನ್ ಐದು ಸಲ ಚಿಕ್ಕದಾಗಿ ಕೂಗುತ್ತದೆ. ತಕ್ಷಣ ಪಂಪ್ ನಿಲ್ಲಿಸಿ, ಹೋಸ್ ಬಿಡಿಸಿ, ಎರಡೂ ಹಡಗು ದೂರ ಸರಿಯುತ್ತವೆ. ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಬೇಜಾರು ಬೇಡ ಅಂತ ಹೇಳಿ ಅವನಿಗೆ. 2008ರಿಂದ ನಮ್ಮ ಹಡಗುಗಳು ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ವಿರುದ್ಧ ಕಾವಲು ಕಾಯುತ್ತಿವೆ. ಅಷ್ಟು ದೂರದಲ್ಲಿ ತಿಂಗಳುಗಟ್ಟಲೆ ಇರೋಕೆ ಟ್ಯಾಂಕರ್ ಬೇಕೇ ಬೇಕು. ಅದಿಲ್ಲದಿದ್ದರೆ ಫ್ರಿಗೇಟ್‌ನಂಥ ಯುದ್ಧನೌಕೆ ಎಣ್ಣೆಗಾಗಿ ಬಂದರಿಗೆ ತಿರುಗಬೇಕು. ವಿಶಾಖಪಟ್ಟಣದ ಹಿಂದುಸ್ತಾನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ಇನ್ನೂ ದೊಡ್ಡ ಐದು ಹಡಗುಗಳ ಗುತ್ತಿಗೆ ಕೊಟ್ಟಿದ್ದಾರೆ, ಒಂದೊಂದರ ಒಟ್ಟು ತೂಕ ಸುಮಾರು 44,000 ಟನ್. ಈಗ ಕೆಲಸ ಕಲಿತವರು ನಾಳೆ ಅಲ್ಲಿ ಬೇಕಾಗುತ್ತಾರೆ.

ಅದೇ ಅಕ್ಕ: ರಾತ್ರಿಯೂ ಮಾಡಿಸ್ತಾರಾ ಅಣ್ಣಾ?

ಉತ್ತರ: ಮಾಡಿಸುತ್ತಾರೆ ಅಕ್ಕಾ. ಬಾವುಟದ ಜಾಗದಲ್ಲಿ ಸಣ್ಣ ದೀಪ ಕಟ್ಟಿರುತ್ತಾರೆ. ಹೊಸ ಹುಡುಗರನ್ನು ಮೊದಲು ಹಗಲಿನಲ್ಲಿ ತಯಾರು ಮಾಡುತ್ತಾರೆ, ಪಕ್ಕದಲ್ಲಿ ಹಳಬರು ಇದ್ದೇ ಇರುತ್ತಾರೆ. ಅವನು ರಜೆಗೆ ಬಂದಾಗ ಹಾಸನಕ್ಕೆ ಕಳಿಸಿ, ನಾನೂ ಮಾತಾಡುತ್ತೇನೆ.